ಹಳೆಯ ಭಾಷೆ, ಹಲವು ಕೋರ್: ಬದಲಿಸುವುದೋ, ಬಿಡುವುದೋ, ಬೇರೆ ದಾರಿ ಹಿಡಿಯುವುದೋ?

ಮೈಸೂರು, ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲೂ ಹೆಬ್ಬಾಳದ ಸಣ್ಣ ಸಾಫ್ಟ್‌ವೇರ್ ಕಚೇರಿಗಳಲ್ಲೂ ನನ್ನ ಕಿವಿಗೆ ಬೀಳುವ ದೂರು ಒಂದೇ: 16 ಕೋರ್‌ಗಳ (ಚಿಪ್ಪಿನೊಳಗೆ ತಾನೇ ಲೆಕ್ಕ ಮಾಡಬಲ್ಲ ಘಟಕಗಳ) ಹೊಸ ಯಂತ್ರ ತಂದರೂ ಹಳೆಯ ಪ್ರೋಗ್ರಾಂ ಮೊದಲಿನಷ್ಟೇ ಹೊತ್ತು ತಿನ್ನುತ್ತದೆ. ಒಂದು ಕೋರ್ ದುಡಿಯುತ್ತದೆ, ಮಿಕ್ಕ 15 ಸುಮ್ಮನೆ ಕುಳಿತಿರುತ್ತವೆ. ಕೂಡಲೇ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ಭಾಷೆ ಕಾಲಕ್ಕೆ ತಕ್ಕಂತೆ ಬದಲಾಗಬೇಕು ಎನ್ನುವವರು ಕೆಲವರು. ಹಳೆಯದನ್ನು ಕೆದಕಬೇಡಿ, ಹಲವು ಕೋರ್ ಬೇಕಿದ್ದರೆ ಹೊಸ ಭಾಷೆಗೆ ಹೋಗಿ ಎನ್ನುವವರು ಇನ್ನು ಕೆಲವರು. ನಡುವೆ ಇನ್ನೂ ಎರಡು ದಾರಿಗಳಿವೆ. ಅವುಗಳ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ. ಹಳೆಯ ಭಾಷೆ ಬೆಳೆಯಬೇಕು. ಆದರೆ ಎರಡನೆಯ ಕೋರನ್ನು ಎಂದೂ ಕೇಳದ ಪ್ರೋಗ್ರಾಂ ಆ ಬೆಳವಣಿಗೆಯ ಬೆಲೆ ತೆರಬಾರದು. ಮಂಡ್ಯದ ಯಾವುದೋ ಹಳ್ಳಿಯ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಲೀಟರು, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಬರೆದುಕೊಂಡು ಬಟವಾಡೆಯ ಪಟ್ಟಿ ತೆಗೆಯುವ ಪ್ರೋಗ್ರಾಂ ಇದೆ ಎಂದುಕೊಳ್ಳಿ. ಮುನ್ನೂರು ಉತ್ಪಾದಕರ ಲೆಕ್ಕ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆ, ಕಾಯಬೇಕಾದದ್ದು ಪ್ರಿಂಟರಿಗೆ ಮಾತ್ರ. ಇಂಥ ಲಕ್ಷಾಂತರ ಪ್ರೋಗ್ರಾಂಗಳ ಮೇಲೆ ಲೋಕದ ವ್ಯವಹಾರ ನಿಂತಿದೆ. ಅವು ನಿಧಾನವಾದರೆ ಅಥವಾ ಅವುಗಳ ಉತ್ತರ ಬದಲಾದರೆ, ಎಷ್ಟು ಕೋರ್ ದುಡಿದರೂ ಆ ನಷ್ಟ ತುಂಬುವುದಿಲ್ಲ.

ಈ ಪ್ರಶ್ನೆ ಎದ್ದದ್ದೇ ಶಾಖದಿಂದ. ಹಲವು ಪ್ರೊಸೆಸರ್‌ಗಳ ಯಂತ್ರಗಳು 1960ರ ದಶಕದಿಂದಲೇ ಇದ್ದರೂ ಸಾಮಾನ್ಯರ ಮೇಜಿಗೆ ಬಂದಿರಲಿಲ್ಲ. ಚಿಪ್‌ನ ವೇಗ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಹಳೆಯ ಪ್ರೋಗ್ರಾಂ ಹೊಸ ಯಂತ್ರದಲ್ಲಿ ತಾನಾಗಿಯೇ ಚುರುಕಾಗುತ್ತಿತ್ತು. 2004ರ ಸುಮಾರಿಗೆ ಆ ಏರಿಕೆ ಶಾಖದ ಗೋಡೆಗೆ ಬಡಿದು ನಿಂತಿತು. ಐಬಿಎಂನ ಪವರ್4 ಚಿಪ್ 2001ರಲ್ಲೇ ಎರಡು ಕೋರ್‌ಗಳೊಂದಿಗೆ ಬಂದಿತ್ತು. 2005ರಲ್ಲಿ ಇಂಟೆಲ್ ಮತ್ತು ಎಎಂಡಿ ಮನೆಬಳಕೆಯ ಕಂಪ್ಯೂಟರಿಗೂ ಜೋಡಿ ಕೋರ್ ತಂದವು. ಫೋರ್ಟ್ರಾನ್ 1957ರದು, ಸಿ 1972ರ ಹೊತ್ತಿನದು, ಪೈಥಾನ್ 1991ರದು. ಮೂರೂ ಒಂಟಿ ಕೋರಿನ ಕಾಲಕ್ಕೆ ಕಟ್ಟಿದ ಮನೆಗಳು.

ಮೊದಲು ಲಾಭವೆಷ್ಟು ಎಂದು ಲೆಕ್ಕ ಹಾಕಿ

ಯಾವ ದಾರಿ ಎಂದು ಕೇಳುವ ಮುನ್ನ, ಪ್ರೋಗ್ರಾಮಿನಲ್ಲಿ ಹಂಚಿಕೊಳ್ಳಬಹುದಾದ ಕೆಲಸ ಎಷ್ಟಿದೆ ಎಂದು ಅಳೆಯಬೇಕು. ಮಂಡ್ಯದ ಆಲೆಮನೆಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಣ ಒಂದೇ ಇಟ್ಟುಕೊಂಡು ಕೊಪ್ಪರಿಗೆಗಳನ್ನು ಎಂಟು ಮಾಡಿದರೆ ಬೆಲ್ಲ ಎಂಟು ಪಟ್ಟು ಆಗುವುದಿಲ್ಲ. ಗಾಣದಿಂದ ಕಬ್ಬಿನ ಹಾಲು ಎಷ್ಟು ಇಳಿಯುತ್ತದೋ ಅಷ್ಟೇ ಕುದಿಯುವುದು. ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲಿ ಈ ಮಿತಿಯನ್ನೇ ಲೆಕ್ಕವಾಗಿ ಮುಂದಿಟ್ಟರು. 60 ನಿಮಿಷ ಓಡುವ ಪ್ರೋಗ್ರಾಮಿನಲ್ಲಿ 6 ನಿಮಿಷದ ಕೆಲಸ ಹಂಚಲಾಗದ್ದು ಎಂದುಕೊಳ್ಳಿ. 8 ಕೋರ್ ಕೊಟ್ಟರೆ ಒಟ್ಟು 12.75 ನಿಮಿಷ. 64 ಕೋರ್ ಕೊಟ್ಟರೂ 7 ನಿಮಿಷಕ್ಕೆ ಸ್ವಲ್ಪ ಕಡಿಮೆ. ಕೋರ್ ಎಷ್ಟೇ ಸುರಿದರೂ 6 ನಿಮಿಷಕ್ಕಿಂತ ಕೆಳಗೆ ಇಳಿಯದು. ಹಂಚಲಾಗದ ಭಾಗವೇ ಅರ್ಧದಷ್ಟಿದ್ದರೆ ಎಲ್ಲ ಸೇರಿ ದುಪ್ಪಟ್ಟು ವೇಗವೂ ಸಿಗದು. ಅಂಥವರು ಭಾಷೆಯ ಚರ್ಚೆಯನ್ನು ಬದಿಗಿಟ್ಟು, ಪ್ರೋಗ್ರಾಂ ಎಲ್ಲಿ ಹೊತ್ತು ಕಳೆಯುತ್ತಿದೆ ಎಂದು ಪ್ರೊಫೈಲರ್ ಹಾಕಿ ನೋಡಲಿ.

ಭಾಷೆಯನ್ನು ಮುಟ್ಟದೆ ಪ್ರೊಸೆಸ್‌ಗಳನ್ನು ಹೆಚ್ಚಿಸುವುದು

ಎಲ್ಲಕ್ಕಿಂತ ಅಗ್ಗದ ದಾರಿ ಇದು, ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಟ್ಟದ್ದೂ ಇದೇ. ಪ್ರೊಸೆಸ್ ಎಂದರೆ ತನ್ನದೇ ಮೆಮೊರಿ ಇಟ್ಟುಕೊಂಡು ಓಡುತ್ತಿರುವ ಪ್ರೋಗ್ರಾಮಿನ ಒಂದು ಪ್ರತಿ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹೇಗೆ ಸಾಗುತ್ತದೆ, ಕೊನೆಯ ಭಾಗದ ಗದ್ದೆಗೆ ಯಾವಾಗ ತಲುಪುತ್ತದೆ ಎಂದು ಲೆಕ್ಕ ಹಾಕುವ ಫೋರ್ಟ್ರಾನ್ ಪ್ರೋಗ್ರಾಂ ಒಂದಿದೆ ಎಂದಿಟ್ಟುಕೊಳ್ಳಿ. ನಾಲೆಯನ್ನು ಕೆಲವು ನೂರು ತುಂಡುಗಳಾಗಿ ಒಡೆದು, ಒಂದೊಂದು ಕ್ಷಣದ ನೀರಿನ ಮಟ್ಟವನ್ನು ಅದರ ಹಿಂದಿನ ಕ್ಷಣದಿಂದ ಲೆಕ್ಕ ಮಾಡುತ್ತದೆ. ಕ್ಷಣಗಳನ್ನು ಕೋರ್‌ಗಳಿಗೆ ಹಂಚಲಾಗದು, ಒಂದು ಮುಗಿಯದೆ ಮುಂದಿನದು ಶುರುವಾಗದು. ತುಂಡುಗಳನ್ನು ಹಂಚಬಹುದು, ಆದರೆ ಕೆಲವು ನೂರು ತುಂಡುಗಳ ಲೆಕ್ಕ ಎಷ್ಟು ಚಿಕ್ಕದೆಂದರೆ ಥ್ರೆಡ್‌ಗಳು (ಒಂದೇ ಪ್ರೊಸೆಸ್‌ನೊಳಗೆ ಮೆಮೊರಿ ಹಂಚಿಕೊಂಡು ಜೊತೆಜೊತೆಗೆ ಓಡುವ ಎಳೆಗಳು) ಒಂದನ್ನೊಂದು ಕಾಯುವುದರಲ್ಲೇ ಗಳಿಸಿದ ಹೊತ್ತು ಕಳೆದುಹೋಗುತ್ತದೆ.

ಆದರೆ ನೀರಾವರಿಯವರಿಗೆ ಬೇಕಾದದ್ದು ಒಂದು ಉತ್ತರವಲ್ಲ. ಕನ್ನಂಬಾಡಿಯಿಂದ ಇಷ್ಟು ಬಿಟ್ಟರೆ ಏನಾಗುತ್ತದೆ, ಅಷ್ಟು ಬಿಟ್ಟರೆ ಏನಾಗುತ್ತದೆ, ನಡುವೆ ಮಳೆ ಬಂದರೆ ಏನು ಎಂದು ನೂರು ಸನ್ನಿವೇಶಗಳ ಉತ್ತರ ಬೇಕು. ನೂರೂ ಒಂದಕ್ಕೊಂದು ಸಂಬಂಧವಿಲ್ಲದವು. ಹಳೆಯ ಪ್ರೋಗ್ರಾಮಿನ ಒಂದು ಸಾಲನ್ನೂ ತಿದ್ದದೆ, 16 ಪ್ರೊಸೆಸ್‌ಗಳನ್ನು ಒಟ್ಟಿಗೆ ಓಡಿಸಿದರೆ 16 ಕೋರ್‌ಗಳೂ ದುಡಿಯುತ್ತವೆ. ಪ್ರತಿ ಪ್ರೊಸೆಸ್‌ಗೆ ಬೇರೆ ಬೇರೆ ಔಟ್‌ಪುಟ್ ಕಡತ ಕೊಟ್ಟರೆ ಆಯಿತು.

ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯದಂಥ ಕಡೆ ಇರುವ ತಾಳೆಗರಿಗಳ ಚಿತ್ರಗಳನ್ನು ಶುಚಿಮಾಡುವ ಕೆಲಸಕ್ಕೂ ಇದೇ ದಾರಿ ಸಾಕು. ಒಂದು ಗರಿಯ ಚಿತ್ರಕ್ಕೆ ಇನ್ನೊಂದರ ಹಂಗಿಲ್ಲ. ಪೈಥಾನಿನಲ್ಲಿ ಇದಕ್ಕಾಗಿ ಮಲ್ಟಿಪ್ರೊಸೆಸಿಂಗ್ ಎನ್ನುವ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) 2008ರಿಂದ, ಅಂದರೆ 2.6ನೆಯ ಆವೃತ್ತಿಯಿಂದ ಭಾಷೆಯ ಜೊತೆಗೇ ಬರುತ್ತದೆ.

ಈ ದಾರಿ ಕೈಕೊಡುವುದು ಎಲ್ಲ ಕೆಲಸಗಾರರೂ ಒಂದೇ ದೊಡ್ಡ ದತ್ತಾಂಶವನ್ನು ನೋಡಬೇಕಾದಾಗ. ಕನ್ನಡ ಪದಗಳ ಸೂಚಿಯೊಂದು ಮೆಮೊರಿಯಲ್ಲಿ 4 ಗಿಗಾಬೈಟ್ ಇದೆ ಎನ್ನಿ. ಎಂಟು ಪ್ರೊಸೆಸ್ ಎಂದರೆ ಎಂಟು ಪ್ರತಿ, 32 ಗಿಗಾಬೈಟ್. ಲಿನಕ್ಸ್‌ನಲ್ಲಿ ಫೋರ್ಕ್ ಮಾಡಿದರೆ, ಅಂದರೆ ಓಡುತ್ತಿರುವ ಪ್ರೊಸೆಸ್‌ನಿಂದಲೇ ಇನ್ನೊಂದನ್ನು ಕವಲೊಡೆಸಿದರೆ, ಓದಲು ಮಾತ್ರ ಬಳಸುವ ಮೆಮೊರಿಯನ್ನು ಪ್ರತಿ ಮಾಡುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಸಿ ಭಾಷೆಯಲ್ಲಿ ಹೌದು. ಪೈಥಾನಿನಲ್ಲಿ ಒಂದು ಆಬ್ಜೆಕ್ಟನ್ನು (ಮೆಮೊರಿಯಲ್ಲಿರುವ ಒಂದು ದತ್ತಾಂಶವನ್ನು) ಬರೀ ಓದಿದರೂ ಅದರ ಮೇಲಿನ ಉಲ್ಲೇಖಗಳ ಎಣಿಕೆ, ಅಂದರೆ ಅದನ್ನು ಎಷ್ಟು ಕಡೆಯಿಂದ ಬಳಸಲಾಗುತ್ತಿದೆ ಎನ್ನುವ ಲೆಕ್ಕ, ಬದಲಾಗುತ್ತದೆ. ಎಣಿಕೆ ಬದಲಾದರೆ ಮೆಮೊರಿಯ ಆ ಪುಟಕ್ಕೆ ಬರೆದಂತೆ, ಬರೆದರೆ ಆ ಪುಟದ ಹೊಸ ಪ್ರತಿ ಹುಟ್ಟುತ್ತದೆ. ಓದುತ್ತಾ ಓದುತ್ತಾ ಎಂಟೂ ಪ್ರತಿಗಳು ಬೇರೆಯಾಗುತ್ತವೆ. ಭಾಷೆಯ ಒಳಗಿನ ರಚನೆಯನ್ನೇ ಮುಟ್ಟದೆ ಇದಕ್ಕೆ ಪೂರ್ಣ ಪರಿಹಾರವಿಲ್ಲ. ಭಾಷೆ ಬದಲಾಗಲಿ ಎನ್ನುವವರ ವಾದಕ್ಕೆ ನಿಜವಾದ ತೂಕ ಬರುವುದು ಇಲ್ಲಿ.

ಭಾಷೆಯ ಪಕ್ಕದಲ್ಲಿ ಸೂಚನೆ ಬರೆಯುವುದು

ಫೋರ್ಟ್ರಾನ್‌ಗೆ 1997ರಲ್ಲಿ, ಸಿ ಮತ್ತು ಸಿ++ಗೆ ಮರುವರ್ಷ ಓಪನ್‌ಎಂಪಿ ಬಂತು. ಲೂಪಿನ (ಮತ್ತೆ ಮತ್ತೆ ಓಡುವ ಕೋಡಿನ) ಮೇಲೆ ಒಂದು ಸಾಲಿನ ಸೂಚನೆ ಬರೆದರೆ ಕಂಪೈಲರ್ (ಬರೆದ ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಸಲಕರಣೆ) ಆ ಲೂಪನ್ನು ಕೋರ್‌ಗಳಿಗೆ ಹಂಚುತ್ತದೆ. ಫೋರ್ಟ್ರಾನ್‌ನಲ್ಲಿ ಆ ಸಾಲು ಉದ್ಗಾರ ಚಿಹ್ನೆಯಿಂದ ಶುರುವಾಗುತ್ತದೆ. ಓಪನ್‌ಎಂಪಿ ಅರಿಯದ ಕಂಪೈಲರಿಗೆ ಅದು ಬರೀ ಟಿಪ್ಪಣಿ. ಒಂದೇ ಕಡತ ಹಳೆಯ ಯಂತ್ರದಲ್ಲಿ ಒಂದು ಕೋರಿನಲ್ಲೂ ಹೊಸ ಯಂತ್ರದಲ್ಲಿ ಹಲವು ಕೋರ್‌ಗಳಲ್ಲೂ ಓಡುತ್ತದೆ. ಬೇಡದವರು ಚಿಕ್ಕಾಸೂ ಕೊಡಬೇಕಿಲ್ಲ. ಎಷ್ಟು ವಿವೇಕದ ವ್ಯವಸ್ಥೆ ಇದು!

ಆದರೆ ಹಳೆಯ ಕೋಡಿನೊಳಗೆ ಹೂತಿರುವ ಒಂದು ಮುಳ್ಳನ್ನು ತೋರಿಸಲೇಬೇಕು. ಫೋರ್ಟ್ರಾನ್ ಸಬ್‌ರುಟೀನಿನೊಳಗೆ (ಬೇಕೆಂದಾಗ ಕರೆದು ಓಡಿಸುವ ಕೋಡಿನ ತುಂಡಿನೊಳಗೆ) ಒಂದು ವೇರಿಯೇಬಲನ್ನು (ಬೆಲೆ ಇಡುವ ಹೆಸರನ್ನು) ಘೋಷಿಸುವ ಸಾಲಿನಲ್ಲೇ ಅದಕ್ಕೆ ಸೊನ್ನೆ ಎಂದು ಬೆಲೆ ಕೊಟ್ಟರೆ, ಪ್ರತಿ ಕರೆಗೂ ಅದು ಸೊನ್ನೆಯಿಂದ ಶುರುವಾಗುವುದಿಲ್ಲ. ಭಾಷೆಯ ನಿಯಮದಂತೆ ಅದು ಕರೆಯಿಂದ ಕರೆಗೆ ಉಳಿಯುವ ವೇರಿಯೇಬಲ್ ಆಗುತ್ತದೆ. ಒಂದು ಕೋರಿನಲ್ಲಿ ಇದರಿಂದ ತೊಂದರೆಯಾಗದೆಯೂ ಇರಬಹುದು. ಓಪನ್‌ಎಂಪಿಯಲ್ಲಿ ಆ ಒಂದೇ ವೇರಿಯೇಬಲ್ ಎಲ್ಲ ಥ್ರೆಡ್‌ಗಳ ಪಾಲಿನದಾಗುತ್ತದೆ, ಒಂದು ಬರೆದದ್ದರ ಮೇಲೆ ಇನ್ನೊಂದು ಬರೆಯುತ್ತದೆ. ಹಲವು ಸಬ್‌ರುಟೀನ್‌ಗಳು ಹಂಚಿಕೊಳ್ಳುವ ಹಳೆಯ ಕಾಮನ್ ಬ್ಲಾಕ್‌ಗಳದ್ದೂ ಇದೇ ಕಥೆ. ಪ್ರೋಗ್ರಾಂ ಕೆಡುವುದಿಲ್ಲ, ಉತ್ತರ ಮಾತ್ರ ಕೆಡುತ್ತದೆ, ಅದೂ ಪ್ರತಿ ಸಲ ಬೇರೆ ಬೇರೆಯಾಗಿ. ಲೂಪಿನ ಮೇಲೆ ಸೂಚನೆ ಬರೆಯುವ ಮುನ್ನ ಆ ಲೂಪ್ ಕರೆಯುವ ಪ್ರತಿಯೊಂದು ಸಬ್‌ರುಟೀನನ್ನೂ ತೆರೆದು ಘೋಷಣೆಯ ಸಾಲುಗಳನ್ನು ಓದಿ.

ಫೋರ್ಟ್ರಾನ್ ಭಾಷೆ ತಾನೂ ಬೆಳೆದಿದೆ. 2008ರ ಮಾನಕದಲ್ಲಿ (ಭಾಷೆಯ ಅಧಿಕೃತ ನಿಯಮಾವಳಿಯಲ್ಲಿ) ಕೆಲಸ ಹಂಚಲು ನೆರವಾಗುವ ಕೋಅರೇ ಮತ್ತು ಡೂ ಕಾನ್ಕರೆಂಟ್ ಎನ್ನುವ ಸೌಲಭ್ಯಗಳು ಸೇರಿದವು. ಹಳೆಯ ಫೋರ್ಟ್ರಾನ್‌ನ ಬಹುಪಾಲು ಅವುಗಳ ಪಕ್ಕದಲ್ಲೇ ನಡೆಯುತ್ತದೆ.

ಭಾಷೆಯನ್ನೇ ಬದಲಿಸುವುದು

ಭಾಷೆ ಬದಲಾಗಲೇಬೇಕಾದ ಒಂದು ಸಂದರ್ಭವಿದೆ. ಅಲ್ಲಿ ಹಳೆಯದನ್ನು ಮುಟ್ಟಬೇಡಿ ಎನ್ನುವವರ ವಾದ ನಿಲ್ಲುವುದಿಲ್ಲ. ಸಿ ಭಾಷೆಯಲ್ಲಿ 1990ರ ದಶಕದಿಂದ ಪಿಥ್ರೆಡ್ ಎನ್ನುವ ಲೈಬ್ರರಿಯ ಮೂಲಕ ಥ್ರೆಡ್ ಬಳಸುತ್ತಿದ್ದರು. ಭಾಷೆಗೆ ಮಾತ್ರ ಥ್ರೆಡ್ ಎಂದರೇನೆಂದೇ ಗೊತ್ತಿರಲಿಲ್ಲ. ಒಂದರ ಪಕ್ಕ ಒಂದು ಇರುವ ಎರಡು ಬೈಟ್‌ಗಳಲ್ಲಿ ಮೊದಲನೆಯದನ್ನು ಒಂದು ಥ್ರೆಡ್, ಎರಡನೆಯದನ್ನು ಇನ್ನೊಂದು ಥ್ರೆಡ್ ಬದಲಿಸುತ್ತದೆ ಎನ್ನಿ. ಪ್ರೋಗ್ರಾಮರನ ಕಣ್ಣಿಗೆ ಅವು ಬೇರೆ ಬೇರೆ. ಆದರೆ ಡಿಇಸಿ ಕಂಪನಿಯ ಆಲ್ಫಾ ಸರಣಿಯ ಮೊದಲ ಪ್ರೊಸೆಸರ್‌ಗಳಲ್ಲಿ ಒಂದೇ ಬೈಟ್ ಬರೆಯುವ ಆದೇಶವೇ ಇರಲಿಲ್ಲ. ಕಂಪೈಲರ್ ಇಡೀ ಪದವನ್ನು (ಹಲವು ಬೈಟ್‌ಗಳ ಗುಂಪನ್ನು) ಓದಿ, ಒಂದು ಬೈಟ್ ತಿದ್ದಿ, ಇಡೀ ಪದವನ್ನು ಮರಳಿ ಬರೆಯುತ್ತಿತ್ತು. ಆ ನಡುವೆ ಪಕ್ಕದ ಥ್ರೆಡ್ ಬರೆದದ್ದು ಅಳಿಸಿಹೋಗುತ್ತಿತ್ತು. ಇಬ್ಬರಲ್ಲಿ ಯಾರದೂ ತಪ್ಪಲ್ಲ. ಕಂಪೈಲರ್ ಮಾಡಿದ್ದೂ ಆಗಿನ ಭಾಷೆಯ ನಿಯಮಕ್ಕೆ ವಿರುದ್ಧವಲ್ಲ. ಇಂಥದ್ದನ್ನು ಲೈಬ್ರರಿಯೊಂದರಿಂದ ಸರಿಪಡಿಸಲು ಬಾರದು ಎಂದು ಕಂಪ್ಯೂಟರ್ ವಿಜ್ಞಾನಿ ಹ್ಯಾನ್ಸ್ ಬೋಮ್ 2005ರಲ್ಲಿ ವಾದಿಸಿದರು. 2011ರ ಮಾನಕದಲ್ಲಿ ಸಿ ಮತ್ತು ಸಿ++ ಎರಡಕ್ಕೂ ಮೆಮೊರಿ ಮಾದರಿ ಬಂತು: ಯಾವ ಬರಹ ಯಾವಾಗ ಯಾರಿಗೆ ಕಾಣಬೇಕು, ಕಂಪೈಲರ್ ಏನು ಮಾಡಬಾರದು ಎನ್ನುವ ನಿಯಮ.

ಅದೇ ಮಾನಕ ಸಿ ಭಾಷೆಗೆ ಸ್ವಂತದ ಥ್ರೆಡ್ ಲೈಬ್ರರಿಯನ್ನೂ ಕೊಟ್ಟಿತು, ಅದೂ ಐಚ್ಛಿಕವಾಗಿ. ಲಿನಕ್ಸ್‌ನಲ್ಲಿ ಹೆಚ್ಚಾಗಿ ಬಳಸುವ ಗ್ನೂ ಸಿ ಲೈಬ್ರರಿಗೆ ಅದು ಸೇರಿದ್ದು 2018ರಲ್ಲಿ. ಅಷ್ಟು ವರ್ಷ ಜನ ಪಿಥ್ರೆಡ್‌ನಲ್ಲೇ ನಡೆಸಿದರು, ಯಾರ ಕೆಲಸವೂ ನಿಲ್ಲಲಿಲ್ಲ. ಭಾಷೆಗೆ ಬೇಕಿದ್ದದ್ದು ನಿಯಮ. ಸಲಕರಣೆ ಹೊರಗೂ ಸಿಗುತ್ತಿತ್ತು.

ಪೈಥಾನಿನ ಕಥೆ ಇದಕ್ಕಿಂತ ಕಠಿಣ, ನಮ್ಮ ವಿದ್ಯಾರ್ಥಿಗಳಿಗೆ ಹತ್ತಿರದ್ದೂ ಹೌದು. ಪೈಥಾನ್ ಕೋಡನ್ನು ಓದಿ ಓಡಿಸುವ ಇಂಟರ್‌ಪ್ರಿಟರಿಗೆ ಇಡಿಯಾಗಿ ಒಂದೇ ಲಾಕ್ ಇದೆ, ಜಿಐಎಲ್ (ಗ್ಲೋಬಲ್ ಇಂಟರ್‌ಪ್ರಿಟರ್ ಲಾಕ್) ಎನ್ನುತ್ತಾರೆ. ಲಾಕ್ ಯಾರ ಕೈಯಲ್ಲಿದೆಯೋ ಆ ಥ್ರೆಡ್ ಮಾತ್ರ ಪೈಥಾನ್ ಕೋಡನ್ನು ಓಡಿಸಬಲ್ಲದು. ಇದು ಏಕೆ ಬೇಕಾಯಿತೆಂದರೆ ಮತ್ತೆ ಆ ಎಣಿಕೆಯೇ. ಒಂದು ಆಬ್ಜೆಕ್ಟಿನ ಎಣಿಕೆ 5 ಇದೆ. ಎರಡು ಕೋರ್‌ಗಳು ಒಂದೇ ಹೊತ್ತಿಗೆ 5 ಎಂದು ಓದಿ, ಎರಡೂ 6 ಎಂದು ಬರೆಯುತ್ತವೆ. ಇರಬೇಕಾದದ್ದು 7. ಮುಂದೆ ಎಲ್ಲರೂ ಕೈಬಿಡುತ್ತಾ ಬಂದಾಗ, ಇನ್ನೂ ಒಬ್ಬರು ಬಳಸುತ್ತಿರುವಾಗಲೇ ಎಣಿಕೆ ಸೊನ್ನೆಗೆ ಇಳಿದು ಆಬ್ಜೆಕ್ಟ್ ಅಳಿದುಹೋಗುತ್ತದೆ. ಪ್ರತಿ ಎಣಿಕೆಗೂ ಅಟಾಮಿಕ್ ಆದೇಶ (ನಡುವೆ ಬೇರೆ ಯಾರೂ ತಲೆಹಾಕಲಾಗದಂತೆ ಒಂದೇ ಏಟಿಗೆ ಓದಿ ಬರೆಯುವ ಆದೇಶ) ಬಳಸಿದರೆ ಸರಿಹೋಗುತ್ತದೆ, ಆದರೆ ಅದು ದುಬಾರಿ. 1990ರ ದಶಕದಲ್ಲೇ ಗ್ರೆಗ್ ಸ್ಟೀನ್ ಲಾಕನ್ನು ತೆಗೆದು ತೋರಿಸಿದ್ದರು. ಒಂಟಿ ಥ್ರೆಡ್ಡಿನ ಪ್ರೋಗ್ರಾಂಗಳು ಬಹಳ ನಿಧಾನವಾದವು. ಒಂಟಿ ಥ್ರೆಡ್ಡಿನ ವೇಗ ತಗ್ಗದಿದ್ದರೆ ಮಾತ್ರ ಅಂಥ ಬದಲಾವಣೆಯನ್ನು ಸ್ವಾಗತಿಸುತ್ತೇನೆ ಎಂದು ಭಾಷೆಯ ಜನಕ ಗೀಡೋ ವಾನ್ ರಾಸಮ್ 2007ರಲ್ಲಿ ಬರೆದರು. ಹಲವರು ಇದನ್ನು ಹಟಮಾರಿತನ ಎಂದರು. ಜವಾಬ್ದಾರಿಯುಳ್ಳವರ ಮಾತು ಇದು ಎಂದೇ ನಾನು ತಿಳಿದಿದ್ದೇನೆ.

ಗಂಟು ಬಿಡಿಸುವ ದಾರಿ ತೋರಿಸಿದವರು ಸ್ಯಾಮ್ ಗ್ರಾಸ್. ಬಹುಪಾಲು ಆಬ್ಜೆಕ್ಟ್‌ಗಳನ್ನು ಹುಟ್ಟಿಸಿದ ಥ್ರೆಡ್ಡೇ ಬಳಸುತ್ತದೆ ಎನ್ನುವುದು ಅವರ ವಿನ್ಯಾಸದ ತಳಹದಿ. ಹುಟ್ಟಿಸಿದ ಥ್ರೆಡ್ಡಿಗೆ ಒಂದು ಸಾಮಾನ್ಯ ಎಣಿಕೆ, ಹೊರಗಿನವರಿಗೆ ಅಟಾಮಿಕ್ ಆದೇಶದ ಬೇರೆ ಎಣಿಕೆ. ಪಿಇಪಿ 703 ಎಂಬ ಅವರ ಪ್ರಸ್ತಾವಕ್ಕೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. 2024ರ ಅಕ್ಟೋಬರ್‌ನ 3.13ನೆಯ ಆವೃತ್ತಿಯಲ್ಲಿ ಲಾಕ್ ಇಲ್ಲದ ಪೈಥಾನ್ ಪ್ರಾಯೋಗಿಕವಾಗಿ ಬಂತು, ಒಂಟಿ ಥ್ರೆಡ್ಡಿನಲ್ಲಿ ಸುಮಾರು 40% ನಿಧಾನವಾಗಿ. 2025ರ ಅಕ್ಟೋಬರ್‌ನ 3.14ರಲ್ಲಿ ಆ ನಷ್ಟ 5ರಿಂದ 10%ಗೆ ಇಳಿದು, ಅಧಿಕೃತ ಬೆಂಬಲವೂ ದೊರೆಯಿತು. ಆದರೂ ಸಾಮಾನ್ಯವಾಗಿ ನಾವು ಹಾಕಿಕೊಳ್ಳುವ ಪೈಥಾನಿನಲ್ಲಿ ಲಾಕ್ ಹಾಗೆಯೇ ಇದೆ. ಬೇಕಾದವರು ಬೇರೆ ಬಿಲ್ಡ್ (ಬೇರೆಯಾಗಿ ಕಟ್ಟಿದ ಪೈಥಾನ್) ಹಾಕಿಕೊಳ್ಳಬೇಕು. ಡೇರಿಯ ಲೆಕ್ಕದ ಪ್ರೋಗ್ರಾಂಗೆ ಬಿಸಿ ತಟ್ಟಿಲ್ಲ. ಸರಿಯಾದ ನಡೆ.

ಬಳಸುವವರು ಒಂದು ವಿಷಯ ಗಮನಿಸಿ. ಲಾಕ್ ಇಲ್ಲದ ಬಿಲ್ಡಿನಲ್ಲಿ, ಅದಕ್ಕೆ ಸಿದ್ಧವಿದ್ದೇನೆ ಎಂದು ಘೋಷಿಸಿಕೊಳ್ಳದ ಸಿ ಎಕ್ಸ್‌ಟೆನ್ಶನ್ (ಸಿ ಭಾಷೆಯಲ್ಲಿ ಬರೆದ ಪೈಥಾನ್ ಲೈಬ್ರರಿ) ಒಂದನ್ನು ಇಂಪೋರ್ಟ್ ಮಾಡಿದರೆ ಪೈಥಾನ್ ಎಚ್ಚರಿಕೆಯ ಸಾಲೊಂದನ್ನು ಮುದ್ರಿಸಿ ಲಾಕನ್ನು ಮತ್ತೆ ಹಾಕಿಕೊಳ್ಳುತ್ತದೆ. ಪರದೆಯಲ್ಲಿ ಆ ಸಾಲು ಸರಿದುಹೋಗುತ್ತದೆ. ಆಮೇಲೆ ವೇಗವೇ ಬರಲಿಲ್ಲ ಎಂದು ಯಂತ್ರವನ್ನು ದೂರುವವರು ಉಂಟು.

ಈ ಎಲ್ಲದರ ನಡುವೆ ನನಗೆ ಅತ್ಯಂತ ಮೆಚ್ಚಿಕೆಯಾದದ್ದು ಓಕ್ಯಾಮಲ್ ಭಾಷೆಯವರು ಹಿಡಿದ ದಾರಿ. 1996ರ ಈ ಭಾಷೆಗೆ ಹಲವು ಕೋರ್‌ಗಳ ಬೆಂಬಲ ಬಂದದ್ದು 2022ರ ಡಿಸೆಂಬರ್‌ನಲ್ಲಿ, 5.0ರಲ್ಲಿ. ಕೇಂಬ್ರಿಡ್ಜ್‌ನಲ್ಲಿ ಶುರುವಾದ ಕೆಲಸ ವರ್ಷಗಟ್ಟಲೆ ನಡೆಯಿತು. ಅದನ್ನು ಮುನ್ನಡೆಸಿದವರಲ್ಲಿ ಐಐಟಿ ಮದ್ರಾಸಿನ ಕೆ.ಸಿ. ಶಿವರಾಮಕೃಷ್ಣನ್ ಪ್ರಮುಖರು. ಬಳಕೆ ಮುಗಿದ ಮೆಮೊರಿಯನ್ನು ಮರಳಿ ಪಡೆಯುವ ಗಾರ್ಬೇಜ್ ಕಲೆಕ್ಟರಿಗೆ ಅವರು ಎರಡು ವಿನ್ಯಾಸಗಳನ್ನು ಪೂರ್ತಿ ಕಟ್ಟಿದರು. ಒಂದರಲ್ಲಿ ಪ್ರತಿ ಕೋರ್ ತನ್ನ ಪುಟ್ಟ ಹೀಪನ್ನು (ಮೆಮೊರಿಯ ಪಾಲನ್ನು) ತಾನೇ, ಯಾರನ್ನೂ ಕಾಯದೆ ಶುಚಿ ಮಾಡಿಕೊಳ್ಳುತ್ತದೆ. ಕೇಳಲು ಇದೇ ಚೆಂದ. ಆದರೆ ಮೆಮೊರಿ ಓದುವಾಗೆಲ್ಲ ಒಂದು ತಪಾಸಣೆ ಸೇರಬೇಕಾಗುತ್ತದೆ, ಸಿ ಕೋಡಿನ ಜೊತೆಗಿನ ಹಳೆಯ ಕೊಂಡಿಯೂ ಮುರಿಯುತ್ತದೆ. ಇನ್ನೊಂದರಲ್ಲಿ ಎಲ್ಲ ಕೋರ್‌ಗಳೂ ಕ್ಷಣಕಾಲ ನಿಂತು ಒಟ್ಟಾಗಿ ಶುಚಿ ಮಾಡುತ್ತವೆ. ಎರಡನ್ನೂ ಅಳೆದು ನೋಡಿ ಎರಡನೆಯದನ್ನು ಆರಿಸಿದರು. ಸಿ ಜೊತೆಗಿನ ಹಳೆಯ ಕೊಂಡಿ ಉಳಿಯಿತು. ಒಂಟಿ ಕೋರಿನ ಹಳೆಯ ಪ್ರೋಗ್ರಾಂಗಳು ಹೆಚ್ಚುಕಡಿಮೆ ಮೊದಲಿನ ವೇಗದಲ್ಲೇ ಓಡಿದವು. ಎರಡು ಥ್ರೆಡ್‌ಗಳು ಒಂದೇ ಜಾಗಕ್ಕೆ ಲಾಕ್ ಅಥವಾ ಅಟಾಮಿಕ್ ಆದೇಶ ಇಲ್ಲದೆ ಬರೆದರೆ ಸಿ ಭಾಷೆಯಲ್ಲಿ ಇಡೀ ಪ್ರೋಗ್ರಾಮಿಗೆ ಅರ್ಥವೇ ಉಳಿಯದು. ಓಕ್ಯಾಮಲ್‌ನಲ್ಲಿ ಅನಿರೀಕ್ಷಿತ ಬೆಲೆ ಸಿಗಬಹುದು, ಮೆಮೊರಿ ಮಾತ್ರ ಹಾಳಾಗದು.

ಅವಸರದಿಂದ ಬದಲಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಪರ್ಲ್ ಇದೆ. 2002ರ 5.8ರಲ್ಲಿ ಬಂದ ಥ್ರೆಡ್‌ಗಳಲ್ಲಿ ಪ್ರತಿ ಹೊಸ ಥ್ರೆಡ್ಡಿಗೂ ಎಲ್ಲ ದತ್ತಾಂಶದ ಪ್ರತಿ ಮಾಡಬೇಕು. ಪ್ರೊಸೆಸ್‌ನ ಭಾರವೂ ಹೋಗಲಿಲ್ಲ, ಥ್ರೆಡ್ಡಿನ ತೊಡಕೂ ತಪ್ಪಲಿಲ್ಲ. ಕೊನೆಗೆ ಆ ಭಾಷೆಯ ದಾಖಲೆಯೇ ಅವನ್ನು ಬಳಸದಿರುವುದು ಒಳಿತು ಎಂದು ಬರೆದುಕೊಂಡಿತು.

ಹೊಸ ಭಾಷೆಗೆ ಹೋಗುವುದು

2009ರ ಗೋ, 2015ರಲ್ಲಿ 1.0 ಆದ ರಸ್ಟ್ ಎರಡೂ ಹಲವು ಕೋರ್‌ಗಳ ಕಾಲದಲ್ಲೇ ಹುಟ್ಟಿದವು. ರಸ್ಟ್‌ನಲ್ಲಿ, ಅನ್‌ಸೇಫ್ ಎಂದು ಗುರುತಿಸದ ಕೋಡಿನಲ್ಲಿ ಎರಡು ಥ್ರೆಡ್‌ಗಳು ಲಾಕ್ ಅಥವಾ ಅಟಾಮಿಕ್ ಆದೇಶ ಇಲ್ಲದೆ ಒಂದೇ ಜಾಗಕ್ಕೆ ಬರೆಯುವುದನ್ನು ಕಂಪೈಲರೇ ಒಪ್ಪುವುದಿಲ್ಲ. ಹೊಸದಾಗಿ ಶುರುಮಾಡುವ ಕೆಲಸಕ್ಕೆ ಎರಡೂ ಒಳ್ಳೆಯವು. ಇಪ್ಪತ್ತು ವರ್ಷ ಓಡಿದ ಪ್ರೋಗ್ರಾಮನ್ನು ಮರಳಿ ಬರೆಯುವುದು ಬೇರೆ ಮಾತು. ಆ ವರ್ಷಗಳಲ್ಲಿ ಒಂದೊಂದಾಗಿ ಸೇರಿದ ತಿದ್ದುಪಡಿಗಳು ಯಾವ ದಾಖಲೆಯಲ್ಲೂ ಇರುವುದಿಲ್ಲ, ಕೋಡಿನೊಳಗೆ ಮಾತ್ರ ಇರುತ್ತವೆ. ಇನ್ನು ಹೊಸದೇ ಆಗಬೇಕೆಂದೂ ಇಲ್ಲ: 1980ರ ದಶಕದಲ್ಲಿ ಎರಿಕ್ಸನ್‌ನಲ್ಲಿ ಹುಟ್ಟಿದ ಎರ್ಲಾಂಗ್‌ನಲ್ಲಿ ಪುಟ್ಟ ಪ್ರೊಸೆಸ್‌ಗಳು ಮೆಮೊರಿ ಹಂಚಿಕೊಳ್ಳದೆ ಸಂದೇಶಗಳಲ್ಲೇ ಮಾತಾಡಿಕೊಳ್ಳುತ್ತಿದ್ದವು. 2006ರಲ್ಲಿ ಅದರ ಪ್ರೋಗ್ರಾಂಗಳನ್ನು ಓಡಿಸುವ ವರ್ಚುವಲ್ ಯಂತ್ರ ಹಲವು ಕೋರ್‌ಗಳಿಗೆ ಹರಡಿಕೊಂಡಾಗ ಪ್ರೋಗ್ರಾಂ ಬರೆದವರು ಹೆಚ್ಚೇನೂ ತಿದ್ದಬೇಕಾಗಲಿಲ್ಲ.

ಯಾರಿಗೆ ಯಾವುದು

ನಿಮ್ಮ ಕೆಲಸ ಸ್ವತಂತ್ರ ತುಂಡುಗಳಾಗಿ ಒಡೆಯುವುದಾದರೆ ಪ್ರೊಸೆಸ್‌ಗಳನ್ನು ಹೆಚ್ಚಿಸಿ, ಅಲ್ಲಿಗೇ ನಿಲ್ಲಿಸಿ. ದೊಡ್ಡ ಅರೇಗಳ (ಸಂಖ್ಯೆಗಳ ಸಾಲುಗಳ) ಮೇಲೆ ಓಡುವ ಫೋರ್ಟ್ರಾನ್ ಅಥವಾ ಸಿ ಲೂಪ್ ಇದ್ದರೆ ಓಪನ್‌ಎಂಪಿ. ಪೈಥಾನಿನಲ್ಲಿ ದೊಡ್ಡ ದತ್ತಾಂಶವನ್ನು ಎಲ್ಲ ಕೋರ್‌ಗಳೂ ಓದಿ ಬರೆಯಬೇಕಿದ್ದರೆ ಮಾತ್ರ ಲಾಕ್ ಇಲ್ಲದ 3.14. ಅದನ್ನು ಸಾಮಾನ್ಯ ಪೈಥಾನಿನ ಪಕ್ಕದಲ್ಲೇ ಹಾಕಿಕೊಳ್ಳಬಹುದು, ಹಳೆಯದನ್ನು ತೆಗೆಯಬೇಡಿ. ಹಂಚಿಕೆಯೇ ಕೆಲಸದ ಜೀವಾಳವಾಗಿರುವ ಹೊಸ ವ್ಯವಸ್ಥೆ ಕಟ್ಟುವವರು ಹೊಸ ಭಾಷೆ ನೋಡಲಿ. ಡೇರಿಯ ಲೆಕ್ಕದಂಥದ್ದಕ್ಕೆ ಏನೂ ಬೇಡ.

ಯಾವ ದಾರಿ ಹಿಡಿದರೂ, ಶುರುಮಾಡುವ ಮುನ್ನ ಹಳೆಯ ಪ್ರೋಗ್ರಾಂ ಒಂದು ಕೋರಿನಲ್ಲಿ ಕೊಟ್ಟ ಉತ್ತರಗಳನ್ನು ಕಡತದಲ್ಲಿ ಉಳಿಸಿಕೊಳ್ಳಿ. ಬದಲಾವಣೆಯ ನಂತರ ಒಂದು, ಎರಡು, ಎಂಟು ಥ್ರೆಡ್‌ಗಳಲ್ಲಿ ಹಲವು ಬಾರಿ ಓಡಿಸಿ ಹೋಲಿಸಿ. ದಶಮಾಂಶ ಸಂಖ್ಯೆಗಳ ಮೊತ್ತದಲ್ಲಿ ಕೊನೆಯ ಒಂದೆರಡು ಅಂಕಿಗಳು ಬದಲಾದರೆ ಗಾಬರಿ ಬೇಡ. ಕೂಡುವ ಕ್ರಮ ಬದಲಾದರೆ ಹಾಗಾಗುತ್ತದೆ. ಮೊದಲ ಅಂಕಿಗಳೇ ಬದಲಾದರೆ, ಅಥವಾ ಒಂದು ಥ್ರೆಡ್ಡಿನಲ್ಲಿ ಸರಿಯಿದ್ದು ಎಂಟರಲ್ಲಿ ಪ್ರತಿ ಸಲ ಬೇರೆ ಉತ್ತರ ಬಂದರೆ, ಎಲ್ಲೋ ಒಂದು ವೇರಿಯೇಬಲ್ ಹಂಚಿಹೋಗಿದೆ. ಸಿ ಕೋಡಾದರೆ ಜಿಸಿಸಿ, ಕ್ಲ್ಯಾಂಗ್ ಎನ್ನುವ ಎರಡೂ ಕಂಪೈಲರ್‌ಗಳಲ್ಲಿ ಇರುವ ಥ್ರೆಡ್‌ಸ್ಯಾನಿಟೈಜರ್ ಹಾಕಿ ಮತ್ತೆ ಓಡಿಸಿ. ಪ್ರೋಗ್ರಾಂ ಹಲವು ಪಟ್ಟು ನಿಧಾನವಾಗುತ್ತದೆ, ಆದರೆ ಯಾವ ಎರಡು ಸಾಲುಗಳು ಒಂದೇ ಜಾಗಕ್ಕೆ ಕೈಹಾಕಿವೆ ಎಂದು ಕಡತದ ಹೆಸರು, ಸಾಲಿನ ಸಂಖ್ಯೆ ಸಮೇತ ತೋರಿಸುತ್ತದೆ.